ಎದೆ ಏಳಿಸುವ ತಿರುಪು

ಯಲಿಯೂರು
ಬುಧವಾರ, 11-10-1978

ಮದ್ದೂರಿನ ಡಾಕ್ಟರ್ ಚಲುವರಾಜು ಅವರಿಗೆ,

ಬೇರೆ ಸಂಬೋಧನೆ ಬರೆಯಲು ಕೈ ಬರಲಿಲ್ಲ.

ಉಸಿರಿನ ಯಂತ್ರದ ಒತ್ತಡ ಇಳಿಸುತ್ತೇನೆ ಅಂದಿರಿ, ಇಳಿಸಲಿಲ್ಲ. ಅಂಕಮ್ಮನ ಮನೆಯವರಿಗೆ ನಿಜ ಹೇಳುತ್ತೇನೆ ಅಂದಿರಿ, ಹೇಳಲಿಲ್ಲ. ನಮ್ಮ ಕುರಿಗಳ ಪ್ರಯೋಗದಲ್ಲಿ ಕಂಡದ್ದನ್ನು ಆಸ್ಪತ್ರೆಯ ಎಲ್ಲ ಡಾಕ್ಟರುಗಳ ಮುಂದೆ ಇಡೋಣ ಅಂದಿರಿ. ನಿನ್ನೆ ನಾನು ಬಂದರೆ ವಾರ್ಡಿನೊಳಕ್ಕೇ ಬಿಡಲಿಲ್ಲ. ಗಂಡ ಹೆಂಡತಿ ಬೇರೆಯಾಗಿದ್ದೇವೆ, ಅದು ನಮ್ಮಿಬ್ಬರ ಪಾಡು. ಅಂಕಮ್ಮನ ಉಸಿರು ಅದಕ್ಕೆ ಸೇರಿದ್ದಲ್ಲ.

ಅವಳೇನು ತಪ್ಪು ಮಾಡಿದ್ದಳು? ಸಾವ್ಕಾರರ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು, ಪಕ್ಕದಲ್ಲೇ ಹುಳದ ಔಷಧಿ ಹೊಡೆಸಿದರು. ಮೂಗಿಗೆ ಸೆರಗು ಬಿಟ್ಟರೆ ಇನ್ನೇನಿತ್ತು? ವಿಷ ಏರಿ ಉಸಿರು ಕಟ್ಟಿತು. ಯಂತ್ರ ಹಾಕಿದಿರಿ, ಸರಿ. ಹಾಕದಿದ್ದರೆ ಅವತ್ತೇ ಹೋಗುತ್ತಿದ್ದಳು. ಆದರೆ ಯಂತ್ರ ಕೊಟ್ಟ ದಾನಿಗಳು ನೋಡಲು ಬಂದಾಗ ಒತ್ತಡದ ತಿರುಪು ಯಾಕೆ ಏರಿಸಿದಿರಿ? ಎದೆ ಏಳುವುದು ಅವರ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ! ಅವರು ಕಾರು ಹತ್ತಿ ಹೋದರು, ತಿರುಪು ಅಲ್ಲೇ ಉಳಿಯಿತು. ನಿನ್ನೆ ವರಾಂಡದ ಕಿಟಕಿಯಲ್ಲಿ ಅವಳ ಅವ್ವ ಪಟ್ಟಲಮ್ಮ ನನ್ನ ಕೈ ಹಿಡಿದು, "ನೋಡವ್ವ, ಎದೆ ಎಂಗೆ ಏಳ್ತದೆ! ಮಗಳು ಉಳ್ಕತಾಳೆ ಕಣವ್ವ" ಅಂದರು.

ಮೈಸೂರಿನ ಪ್ರಯೋಗಶಾಲೆಗೆ ಮಳವಳ್ಳಿ ಕಡೆಯ ಕುರಿಗಳನ್ನು ತಂದವರು ನಾವಿಬ್ಬರೇ. ಅರ್ಧಕ್ಕೆ ಜೋರು ಒತ್ತಡ, ಅರ್ಧಕ್ಕೆ ಮೆಲ್ಲಗೆ. ಜೋರಿನವುಗಳ ಎದೆ ಬಿಚ್ಚಿದರೆ ಶ್ವಾಸಕೋಶ ಈಲಿ ಮಾಂಸದ ಹಾಗೆ ಕೆಂಪು, ಭಾರ, ಹಿಂಡಿದರೆ ನೊರೆನೀರು. ಮೆಲ್ಲಗೆ ಗಾಳಿ ಕೊಟ್ಟು, ಉಸಿರು ಹೊರಬಿಟ್ಟ ಮೇಲೂ ಒಳಗೆ ಸ್ವಲ್ಪ ಗಾಳಿ ಉಳಿಸಿದವುಗಳದು ಸ್ಪಂಜಿನ ಹಾಗೆ ಹಗುರ. "ಯಂತ್ರವೇ ಕೊಲ್ತದಲ್ಲೇ ಹೊಂಬಾಳೆ" ಅಂತ ಅವತ್ತು ತಲೆಮೇಲೆ ಕೈಹೊತ್ತು ಕೂತವರು ನೀವೇ. ಈಗ ಕೇಳಿದರೆ ಕುರಿ ಬೇರೆ, ಮನುಷ್ಯರು ಬೇರೆ ಅಂತೀರಿ. ಕೂಲಿಯವಳ ಎದೆಯನ್ನು ತೋರಿಕೆಗೆ ಇಟ್ಟಾಗ ಆ ಬೇರೆತನ ಎಲ್ಲಿ ಹೋಗಿತ್ತು ಸ್ವಾಮಿ?

ಟ್ಯೂಬಿನಲ್ಲಿ ನೊರೆ ಬರುತ್ತಿದೆ ಅಂತ ನರ್ಸ್ ಮಾಯಮ್ಮ ಹೇಳಿ ಕಳಿಸಿದ್ದಾರೆ. ವಿಷದ ನೊರೆ ಅಂತೀರಂತೆ. ವಿಷದ ನೊರೆ ನಿಮ್ಮ ಇಂಜೆಕ್ಷನ್ನಿಗೇ ನಿಂತಿತ್ತು. ಇದು ತಿರುಪು ಏರಿದ ಮೇಲೆ ಶುರುವಾದದ್ದು. ನಿಮಗೆ ಗೊತ್ತು. ಗೊತ್ತಿದ್ದೂ ಇಳಿಸುತ್ತಿಲ್ಲ. ಇಳಿಸಿದರೆ ಏರಿಸಿದ್ದು ತಪ್ಪು ಅಂತ ಒಪ್ಪಿದ ಹಾಗಾಗುತ್ತದಲ್ಲ!

ಈ ಕಾಗದ ತಂದಿರುವ ಕೆಂಪಯ್ಯ ಅಂಕಮ್ಮನ ಅಣ್ಣ. ಅವನು ಬಾಗಿಲಲ್ಲಿ ನಿಂತಿರುವಾಗಲೇ ಹೋಗಿ ತಿರುಪು ಇಳಿಸಿ. ಎದೆ ಅಷ್ಟು ಏಳದಿದ್ದರೆ ಪಟ್ಟಲಮ್ಮ ಹೆದರುತ್ತಾರೆ. ಅವರಿಗೆ ಹೇಳುವ ಕೆಲಸ ನನಗೆ ಬಿಡಿ. ಇಳಿಸದಿದ್ದರೆ ಕಳೆ ಕೀಳುವ ಹೆಂಗಸರೂ ನಾನೂ ನಿಮ್ಮ ವಾರ್ಡಿನ ಮುಂದೆ ಕೂರುತ್ತೇವೆ.

ಇನ್ನೂ ನಿಮ್ಮಿಂದ ನ್ಯಾಯ ಕೇಳುತ್ತಿರುವ
ಹೊಂಬಾಳಮ್ಮ

ಮರೆತಿದ್ದೆ. ಮೆಲ್ಲಗೆ ಉಸಿರು ಕೊಟ್ಟು ಎಬ್ಬಿಸಿದ ಆ ಕೊನೆಯ ಕುರಿಯನ್ನು ಕಟುಕರಿಗೆ ಕೊಟ್ಟುಬಿಡು ಅಂದಿದ್ದಿರಿ. ಕೊಡಲಿಲ್ಲ. ನಮ್ಮ ಹಿತ್ತಲಲ್ಲೇ ಇದೆ, ಮರಿ ಹಾಕಿದೆ. ಅದನ್ನೂ ಹಿಡಿದುಕೊಂಡು ಬರುತ್ತೇನೆ, ನಿಮ್ಮ ದಾನಿಗಳನ್ನೂ ಕರೆಸಿ. ನಾಳೆ ಗುರುವಾರ, ಬೆಳಗ್ಗೆ ಹತ್ತು ಗಂಟೆಗೆ.