ಹೊಟ್ಟೆಯ ಫ್ರೀಕ್ವೆನ್ಸಿ

೧೦ ಫೆಬ್ರುವರಿ ೨೦೨೫, ಸೋಮವಾರ. ಇಳಕಲ್

ನಾಲ್ಕು ಬ್ಲೌಸು ಕತ್ತರಿಸಿದೆ. ಎರಡು ಹೊಲಿದೆ. ಮೂರನೆಯದಕ್ಕೆ ಬಗ್ಗಲು ಆಗಲಿಲ್ಲ. ಮಧ್ಯಾಹ್ನ ದಾಟಿದರೆ ಸಾಕು, ಹೊಟ್ಟೆ ಬೆಂಕಿಗೆ ಕಾಸಿದ ಹಲಗೆವಾದ್ಯದಂತೆ ಬಿಗಿಯುತ್ತದೆ. ಬೆರಳಿಂದ ಬಡಿದರೆ ಸಪ್ಪಳವೂ ಬರುತ್ತದೆ.

ಇವತ್ತು ಹದ್ದು ಮೀರಿತು. ರೇಣವ್ವ ಮಗಳ ಬ್ಲೌಸು ಒಯ್ಯಲು ಬಂದವಳು ನನ್ನ ಹೊಟ್ಟೆಯನ್ನೇ ನೋಡುತ್ತ ನಿಂತಳು. ದನಿ ಇಳಿಸಿ, “ಎಷ್ಟನೇ ತಿಂಗಳ್ರಿ?” ಎಂದಳು. ನಲವತ್ತೊಂಬತ್ತು ವಯಸ್ಸು ನನಗೆ! “ತಿಂಗಳಲ್ಲ ಯವ್ವಾ, ಗ್ಯಾಸು” ಎಂದೆ. ನಂಬಲಿಲ್ಲ. ನಾಳೆ ಬೆಳಗಾಗುವುದರೊಳಗೆ ಓಣಿಗೆಲ್ಲ ಸುದ್ದಿ.

ದೀಪಾವಳಿಯಿಂದ ಈ ಕಾಟ. ಹುಬ್ಬಳ್ಳಿಯಲ್ಲಿ ನಳಿಗೆಯೊಳಗೆ ಊದಿಸಿ ಟೆಸ್ಟ್ ಮಾಡಿದರು. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿವೆಯಂತೆ. ದೊಡ್ಡ ಕರುಳಿನಲ್ಲಿ ಇರಬೇಕಾದವು ಮೇಲಿನ ಮನೆಗೆ ಬಂದು ಸಂಸಾರ ಹೂಡಿವೆ. ಬಾಗಲಕೋಟೆಯ ಡಾಕ್ಟರ್ ಮೇಡಂ ಗುಳಿಗೆ ಕೊಟ್ಟಿದ್ದರು. ಕೋರ್ಸ್ ಮುಗಿಯಿತು, ಸ್ವಲ್ಪ ಇಳಿಯಿತು, ಮತ್ತೆ ಏರಿತು. ತಿರುಗಿ ತೋರಿಸಲು ಹೋಗಬೇಕು… ಹೊಲಿಗೆ ಬಿಟ್ಟು ಯಾವಾಗ ಹೋಗಲಿ?

ಯಜಮಾನರು ಗ್ರಾನೈಟ್ ಫ್ಯಾಕ್ಟರಿಯಿಂದ ಬಂದು ರೇಣವ್ವನ ಕತೆ ಕೇಳಿ ನಕ್ಕಿದ್ದೇ ನಕ್ಕಿದ್ದು. “ಗಂಡಾದ್ರ ನಮ್ಮಪ್ಪನ ಹೆಸರ ಇಡೂಣು.” ಸಿಟ್ಟು ಬಂತು. ಆಮೇಲೆ ನನಗೂ ನಗು ಬಂತು. ನಕ್ಕರೆ ಇನ್ನೂ ನೋವು.

೧೭ ಫೆಬ್ರುವರಿ

ಅರ್ಷದ ಬಂದಿದ್ದ. ಅಕ್ಕನ ಮಗ. ಹುನಗುಂದದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಹೊಸತೇನು ಬಂದರೂ ಮೊದಲು ಬೀಳುವವನು ಇವನೇ. ಈ ಸಲ ಕೈಯಲ್ಲಿ ಒಂದು ಕಪ್ಪು ಪೆಟ್ಟಿಗೆ. ಅದರಿಂದ ಎರಡು ವೈರು, ವೈರಿನ ತುದಿಗೆ ತಾಮ್ರದ ಕೊಳವೆ. ಇದಕ್ಕೆ ಏಜೆಂಟ್ ಆಗಿದ್ದಾನಂತೆ.

“ಖಾಲಾ, ಒಂದೊಂದ ಕ್ರಿಮಿಗೂ ಒಂದೊಂದ ಫ್ರೀಕ್ವೆನ್ಸಿ ಇರ್ತೈತಿ. ರೇಡಿಯೋದಾಗ ಸ್ಟೇಶನ್ ಹಚ್ಚಿದಂಗ. ಬರೋಬ್ಬರಿ ನಂಬರ ಹಚ್ಚಿದ್ರ ಆ ಕ್ರಿಮಿ ಅಲ್ಲೇ ಒಡದ ಸಾಯ್ತೈತಿ.”

“ಹೊಟ್ಯಾಗ ಒಳ್ಳೆ ಕ್ರಿಮೀನೂ ಇರ್ತಾವಂತ ಮೇಡಂ ಹೇಳ್ಯಾರ. ಅವು ಯಾವ ಸ್ಟೇಶನ್ನೋ?”

“ಅವನ್ನ ಅದು ಮುಟ್ಟೂದಿಲ್ಲ.”

“ಅದಕ್ಕ ಹೆಂಗ ಗೊತ್ತಾಗ್ತೈತಿ?”

“ನೀ ಭಾಳ ಪ್ರಶ್ನೆ ಕೇಳ್ತಿ, ಖಾಲಾ.”

ಪೆಟ್ಟಿಗೆ ಇಟ್ಟು ಹೋದ. ಗುಣವಾದರೆ ವಿಡಿಯೋದಲ್ಲಿ ಎರಡು ಮಾತು ಹೇಳಬೇಕು, ಅಷ್ಟೇ. ಓಣಿಯಲ್ಲಿ ನನ್ನ ಮಾತಿಗೆ ತೂಕ ಇದೆಯಂತೆ. ಅದು ಸುಳ್ಳಲ್ಲ. ಯಾರಿಗೆ ಯಾವ ಬಣ್ಣದ ಖಣ ಒಪ್ಪುತ್ತದೆ ಎನ್ನುವುದರಿಂದ ಹಿಡಿದು ಯಾರ ಮನೆಗೆ ಹೆಣ್ಣು ಕೊಡಬೇಕು ಎನ್ನುವವರೆಗೆ ನನ್ನನ್ನೇ ಕೇಳುತ್ತಾರೆ.

ಸಂಜೆ ಎರಡು ಕೈಗೂ ಒಂದೊಂದು ಕೊಳವೆ ಹಿಡಿದು ಕೂತೆ. ಕೈಯಲ್ಲಿ ಜುಮುಜುಮು. ಹೊಲಿಯುವಂತಿಲ್ಲ, ಫೋನು ಎತ್ತುವಂತಿಲ್ಲ. ಸರಿಯಾಗಿ ಆಗಲೇ ಮೂಗು ತುರಿಸಬೇಕೆ? ಯಜಮಾನರು ಹಾದು ಹೋಗುತ್ತ, “ಸೀಟ್ ಸಿಗದ ಬಸ್ಸಿನ್ಯಾಗ ಜೋತ ಬಿದ್ದಂಗ ಕಾಣ್ತಿ” ಎಂದರು.

೨೬ ಫೆಬ್ರುವರಿ, ಶಿವರಾತ್ರಿ

ಗೋಡೆಗೆ ಗೋಡೆ ಹತ್ತಿದ ಮನೆ ಸಿದ್ದಲಿಂಗವ್ವಕ್ಕನದು. ನನಗಿಂತ ಹದಿನೈದು ವರ್ಷ ದೊಡ್ಡವಳು. ನಾನು ಈ ಓಣಿಗೆ ಸೊಸೆಯಾಗಿ ಬಂದಾಗ ರೊಟ್ಟಿ ತಟ್ಟಲು ಕಲಿಸಿದವಳು. ಇವತ್ತು ಶೇಂಗಾ ಉಂಡೆ, ಖರ್ಜೂರ, ಅಲಸಂದಿ ಉಸಳಿ ತಂದುಕೊಟ್ಟಳು. ಉಪವಾಸ ಅವಳದು, ತಿಂದದ್ದು ನಾನು. ಹೊಲಿಗೆ ಮಿಷಿನ್ನಿನ ಪಕ್ಕ ಯಾವಾಗಲೂ ಒಂದು ತಾಟು ಇರುತ್ತದೆ ನನ್ನದು. ಚುರಮುರಿ, ಶೇಂಗಾ, ಏನಾದರೊಂದು. ಗಿರಾಕಿ ಬಂದರೆ ಚಹಾ. ಗಿರಾಕಿ ಹೋದರೂ ಚಹಾ.

ಅವಳಿಗೂ ಹೊಟ್ಟೆಯದೇ ತೊಂದರೆ. ಉರಿ, ನೋವು, ಊಟ ಸೇರದು. ಈ ವರ್ಷ ಅವಳ ಕುಪ್ಪಸ ಎರಡು ಸಲ ಒಳಗೆ ಹಿಡಿದಿದ್ದೇನೆ. ಮಾರ್ಚ್ ಹದಿನೆಂಟಕ್ಕೆ ಬಾಗಲಕೋಟೆಯಲ್ಲಿ ಬಾಯೊಳಗಿಂದ ಪೈಪು ಇಳಿಸಿ ನೋಡುತ್ತಾರಂತೆ. ಆ ಪೈಪಿನ ಮಾತು ಬಂದರೆ ಸಾಕು, ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ.

ನನ್ನ ಪೆಟ್ಟಿಗೆಯ ಪ್ರಗತಿ? ಸ್ವಲ್ಪ ಹಗುರ ಅನ್ನಿಸುತ್ತದೆ. ಅನ್ನಿಸುವುದಕ್ಕೇನು, ಏನು ಬೇಕಾದರೂ ಅನ್ನಿಸುತ್ತದೆ.

೨ ಮಾರ್ಚ್, ರವಿವಾರ

ರಮಜಾನಿನ ಮೊದಲ ರೋಜಾ. ಈದಿನ ಹೊಲಿಗೆ ಗುಡ್ಡೆ ಬಿದ್ದಿದೆ. ನಸುಕಿನ ಸಹ್ರಿ ಊಟ ಮುಗಿಸಿ ನಮಾಜಾದ ಮೇಲೆ ಕೊಳವೆ ಹಿಡಿದು ಕೂತೆ. ತೂಕಡಿಕೆ.

೧೨ ಮಾರ್ಚ್

ಯಾ ಅಲ್ಲಾಹ್! ಹೊಟ್ಟೆ ಇಳಿದಿದೆ!

ನಾಲ್ಕೈದು ದಿನದಿಂದ ಅನುಮಾನ ಇತ್ತು. ಇವತ್ತು ಇಫ್ತಾರಿಗೆ ಮೊದಲು ನನ್ನದೇ ಟೇಪು ಸುತ್ತಿ ನೋಡಿದೆ. ಟೇಪು ಸುಳ್ಳು ಹೇಳುವುದಿಲ್ಲ. ಹಬ್ಬದ ಹಳೆಯ ಕುರ್ತಾ ಹಾಕಿಕೊಂಡೆ. ಸಲೀಸಾಗಿ ಇಳಿಯಿತು. ಬಗ್ಗಿ ಕೂತು ಒಂದೇ ಸಮ ಹೊಲಿದೆ. ತೇಗು ಇಲ್ಲ, ಉಬ್ಬರ ಇಲ್ಲ. ಕುಣಿಯುವುದೊಂದು ಬಾಕಿ.

ಆ ಹುಡುಗನನ್ನು ನಾನೇ ಎಷ್ಟು ಆಡಿಕೊಂಡಿದ್ದೆ. ಪಾಪ.

೧೬ ಮಾರ್ಚ್

ಅರ್ಷದ ವಿಡಿಯೋ ಮಾಡಿದ. ಗುಲಾಬಿ ದುಪ್ಪಟ್ಟಾ ಹೊದ್ದುಕೊಂಡಿದ್ದೆ. ಎರಡು ಮಾತು ಹೇಳು ಎಂದರೆ ಇಪ್ಪತ್ತು ಹೇಳಿದೆ. ರೇಣವ್ವ ಬಸುರಿ ಅಂದುಕೊಂಡ ಕತೆಯನ್ನೂ ಬಿಡಲಿಲ್ಲ. “ಈ ಪೆಟಗೀನ ನನ್ನ ಹೊಟ್ಟಿ ಇಳಿಸಿದ್ದು” ಎಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದೆ. ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ನಾನೇ. ಕುಳಗೇರಿ ಕ್ರಾಸಿನಿಂದ ಯಾರೋ ಪೆಟ್ಟಿಗೆ ಬೇಕೆಂದು ಫೋನು ಮಾಡಿದ್ದರು. ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಭಾಳ ಖುಷಿಯಾಯಿತು.

೧೭ ಮಾರ್ಚ್

ಬೆಳಿಗ್ಗೆಯೇ ಸಿದ್ದಲಿಂಗವ್ವಕ್ಕ ಬಂದು ಪೆಟ್ಟಿಗೆಯ ಮುಂದೆ ಕೂತಳು.

“ನಾಳಿ ಬಾಗಲಕೋಟಿಗೆ ಹೋಗೂದಿಲ್ಲ, ತಂಗಿ. ಫೋನ್ ಮಾಡಿಸಿ ಹೇಳೇನಿ.”

“ಯಾಕಕ್ಕಾ?”

“ನಿನಗ ಹಿಡಿಸಿದ್ದು ನನಗ ಹಿಡಸೂದಿಲ್ಲೇನ? ಪೈಪ ನುಂಗೂದಕಿಂತ ಇದನ್ನ ಹಿಡಕೊಂಡ ಕುಂದರೂದು ಚಲೋ.”

ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡೆ. ಕೊಳವೆ ಅವಳ ಕೈಗೆ ನಾನೇ ಕೊಟ್ಟೆ.

೩೧ ಮಾರ್ಚ್, ಈದ್

ಸುರಕುಂಬಾ ಪಾಯಸ ಮನೆಯಲ್ಲಿ ಒಂದು ಬಟ್ಟಲು, ಅಕ್ಕನ ಮನೆಯಲ್ಲಿ ಎರಡು, ಗೆಳತಿ ಜುಲೇಖಾಳ ಮನೆಯಲ್ಲಿ ಬೇಡ ಬೇಡ ಎನ್ನುತ್ತ ಇನ್ನೂ ಒಂದು. ಬಿರಿಯಾನಿ. ಬರೆಯಲೂ ಆಗುತ್ತಿಲ್ಲ, ಮಲಗುತ್ತೇನೆ.

೫ ಏಪ್ರಿಲ್

ಹೊಟ್ಟೆಯ ಹಲಗೆ ತಿರುಗಿ ಬಂತು. ಕುರ್ತಾ ಬಿಗಿ. ತಾಟು ಮಿಷಿನ್ನಿನ ಪಕ್ಕ, ಚಹಾ ಗಂಟೆ ಗಂಟೆಗೆ, ಎಲ್ಲ ಮೊದಲಿನಂತೆ. ಹೊಟ್ಟೆಯೂ ಮೊದಲಿನಂತೆ. ಪೆಟ್ಟಿಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಿಡಿದೆ. ನಂಬರ್ ತಪ್ಪಿರಬೇಕೆಂದು ಅರ್ಷದನಿಗೆ ಫೋನು ಮಾಡಿ ಬದಲಿಸಿದೆ. ಏನೂ ಇಲ್ಲ.

ಯಜಮಾನರು ಚಹಾ ಸೊರ್ ಎನ್ನಿಸುತ್ತ ಹೇಳಿದರು: “ಆ ಪೆಟಗಿನೂ ರೋಜಾ ಹಿಡದಿತ್ತ ಕಾಣ್ತೈತಿ. ರಮಜಾನ್ ಮುಗೀತು, ಅದೂ ಬಿಟ್ಟತು.”

ನಕ್ಕೆ. ನಗುತ್ತ ನಗುತ್ತ ನಿಂತುಬಿಟ್ಟೆ.

ರೋಜಾ. ತಿಂಗಳಿಡೀ ಹಗಲು ಬಾಯಿಗೆ ಒಂದು ಕಾಳು ಇಲ್ಲ. ಆ ತಾಟು ಇಲ್ಲ. ಚಹಾ ಇಲ್ಲ. ಚಿಕ್ಕವಳಿದ್ದಾಗಿನಿಂದ ಹಿಡಿಯುತ್ತ ಬಂದದ್ದು. ಅದನ್ನು ಹೊಸತಾಗಿ ಏನೋ ಮಾಡಿದೆ ಎಂದು ಯಾರು ಲೆಕ್ಕ ಹಿಡಿಯುತ್ತಾರೆ? ಅದು ಅಲ್ಲಾಹನ ಬಾಬತ್ತು, ಹೊಟ್ಟೆಯದಲ್ಲ. ಹೊಸತಾಗಿ ಮನೆಗೆ ಬಂದದ್ದು ಪೆಟ್ಟಿಗೆ ಒಂದೇ. ಅದರ ಕೊರಳಿಗೇ ಹಾರ ಹಾಕಿದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ನಾನು ಕಾಗೆಯ ವಿಡಿಯೋ ಮಾಡಿಸಿದೆ.

ಸೋಮವಾರ ಮೇಡಂ ಹತ್ತಿರ ಹೋಗಲೇಬೇಕು.

೭ ಏಪ್ರಿಲ್. ಬಾಗಲಕೋಟೆಯಿಂದ ಬರುವ ಬಸ್ಸಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಇರಲಿ.

ಮೇಡಂ ಬೈಯಲಿಲ್ಲ. ಪೂರ್ತಿ ಕೇಳಿದರು. “ಒಂದು ಊಟಕ್ಕೂ ಇನ್ನೊಂದಕ್ಕೂ ನಡುವ ಅಂತರ ಬಿಟ್ರ ಕರುಳು ತನ್ನ ಕಸಾ ತಾನ ಹೊಡಕೋತೈತ್ರಿ. ನೀವು ದಿನಾಪೂರ್ತಿ ಬಾಯಾಡಿಸ್ತಿದ್ರ ಅದಕ್ಕ ಪುರಸೊತ್ತ ಎಲ್ಲಿ?” ಎಂದರು.

“ಹಂಗಾರ ರೋಜಾದಿಂದನ ಕಡಿಮಿ ಆತೇನ್ರಿ?”

“ಇರಬಹುದು. ಇದಽ ಅಂತ ಗ್ಯಾರಂಟಿ ನಾ ಹೇಳೂದಿಲ್ಲ. ಆದ್ರ ಆ ಪೆಟಗಿಯಿಂದ ಈ ರೋಗ ಹೋಗ್ತೈತಿ ಅನ್ನೂದಕ್ಕ ಪುರಾವೆ ಇಲ್ಲ.”

ಮತ್ತೊಂದು ಕೋರ್ಸ್ ಗುಳಿಗೆ. ಊಟದ ನಡುವೆ ನಾಲ್ಕೈದು ತಾಸು ನೀರು ಮಾತ್ರ. ನನ್ನ ಚಿಂತೆ ಅಲ್ಲಿಗೆ ಮುಗಿಯಿತು. ಆದರೆ ಏಳುವಾಗ ಸಿದ್ದಲಿಂಗವ್ವಕ್ಕನ ವಿಷಯ ಹೇಳಿದೆ. ಮೇಡಂ ಪೆನ್ನು ಕೆಳಗಿಟ್ಟರು. “ವಯಸ್ಸಾದವ್ರು, ತೂಕ ಇಳ್ಯಾಕತ್ತೈತಿ. ಆ ಪೈಪಿನ ಸ್ಕೋಪ್ ಬಿಡಬಾರದಿತ್ತು. ಲಗೂನ ಕರಕೊಂಡ ಬರ್ರಿ.”

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ನನಗೆ ಎರಡೂ ಗೊತ್ತಿಲ್ಲ ಎಂದಾಯಿತು. ನನ್ನ ಹೊಟ್ಟೆಯ ಮೇಲೆ ನಾನು ಏನು ಬೇಕಾದರೂ ಪ್ರಯೋಗ ಮಾಡಿಕೊಳ್ಳಲಿ. ಅವಳಿಗೆ ಏನಾದರೂ ಆದರೆ? ಹೆದರಿಕೆ ಆಗುತ್ತಿದೆ. ಬಸ್ಸು ಯಾಕಿಷ್ಟು ನಿಧಾನ…

ಅದೇ ದಿನ, ಸಂಜೆ

ಮನೆಗೆ ಬಂದಾಗ ಸಿದ್ದಲಿಂಗವ್ವಕ್ಕ ನಮ್ಮ ಪಡಸಾಲೆಯಲ್ಲೇ ಕೊಳವೆ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಕೈಗಳು ಎಷ್ಟು ಸಣ್ಣಗಾಗಿವೆ. ದಿನಾ ನೋಡುತ್ತಿದ್ದೆ, ಕಂಡಿರಲಿಲ್ಲ. ವೈರು ಕಿತ್ತೆ.

“ಅಕ್ಕಾ, ನಾ ಹೇಳಿದ್ದ ತಪ್ಪು. ನನಗ ಕಡಿಮಿ ಆಗಿದ್ದು ಇದರಿಂದಲ್ಲ. ಬಹುಶಃ ರೋಜಾದಿಂದ.”

ಕೈಯಲ್ಲಿದ್ದ ಕೊಳವೆ ಕೆಳಗಿಟ್ಟಳು. ಆಮೇಲೆ, “ಹಂಗಾರ ನಾನೂ ಒಂದ ತಿಂಗಳ ಉಪಾಸ ಮಾಡ್ತೇನಿ ಬಿಡು” ಎಂದಳು.

“ಏ ಅಕ್ಕಾ! ಉಪಾಸ ಮಾಡಾಕ ಮೈಯಾಗ ಏನರ ಉಳದೈತೇನ? ನಿನ್ನ ಹೊಟ್ಟಿ ಬ್ಯಾರೆ, ನನ್ನ ಹೊಟ್ಟಿ ಬ್ಯಾರೆ!” ಕೂಗಿಬಿಟ್ಟೆ. ಮೂವತ್ತು ವರ್ಷದಲ್ಲಿ ಅವಳ ಮೇಲೆ ದನಿ ಏರಿಸಿದ್ದು ಇದೇ ಮೊದಲು. ಇಬ್ಬರೂ ಅತ್ತೆವು. “ಪೈಪಿಗೆ ಅಂಜಿಕಿ ಬರ್ತೈತಿ, ಸುಲ್ತಾನಾ. ಏನರ ಕೆಟ್ಟದ್ದ ಕಂಡ್ರ?” ಎಂದಳು. ಪೈಪಲ್ಲ, ಅದೇ ಅವಳ ಭಯ. “ಕಂಡ್ರ ಇಬ್ಬರೂ ಕೂಡಿ ನೋಡೂಣು” ಎಂದೆ.

ಅರ್ಷದನಿಗೆ ಫೋನು. ವಿಡಿಯೋ ತೆಗೆದುಹಾಕು ಎಂದೆ.

“ನೀನ ಹೇಳಿದ್ದಿ ಖಾಲಾ, ನಾ ಹೇಳಿಸಿದ್ದಲ್ಲ.”

“ಹೌದಪಾ. ಅದಕ್ಕ ನಾನ ತಗೀ ಅನ್ನಾಕತ್ತೇನಿ.”

ಫೋನು ಇಟ್ಟುಬಿಟ್ಟ.

೧೧ ಏಪ್ರಿಲ್

ಅರ್ಷದನ ಫೋನಿಲ್ಲ. ಅವನ ತಾಯಿ, ನನ್ನ ಅಕ್ಕನೂ ಮುಖ ಊದಿಸಿಕೊಂಡಿದ್ದಾಳೆ. ಕುಳಗೇರಿ ಕ್ರಾಸಿನವರಿಗೆ ನಾನೇ ಹೇಳಿದೆ, “ನನ್ನ ಮಾತ ನಂಬಬ್ಯಾಡ್ರಿ” ಎಂದು. ಇಂಥ ಫೋನು ಮಾಡುವವರು ಊರಲ್ಲಿ ನಾನೊಬ್ಬಳೇ ಇರಬೇಕು. ತಾಟು ಅಟ್ಟದ ಮೇಲಿಟ್ಟೆ. ರೇಣವ್ವ ಚುರಮುರಿ ತಂದಳು, ತಿನ್ನದೆ ಇದ್ದದ್ದು ನೋಡಿ, “ವಾಕರಿಕಿ ಬರ್ತೈತೇನ್ರಿ?” ಎಂದಳು. ಇವಳು ಬಿಡುವ ಪೈಕಿ ಅಲ್ಲ.

೧೫ ಏಪ್ರಿಲ್, ಬಾಗಲಕೋಟೆ, ದವಾಖಾನೆಯ ಬೆಂಚು

ಬೆಳಿಗ್ಗೆ ಬಸ್ಸಿಗೆಂದು ಹೊರಟರೆ ಬಾಗಿಲಲ್ಲಿ ಕಾರು. ಗೆಳೆಯನ ಕಾರು ಕೇಳಿ ತಂದು ಅರ್ಷದ ನಿಂತಿದ್ದ. ನನ್ನ ಮುಖ ನೋಡಲಿಲ್ಲ. “ದೊಡ್ಡಮ್ಮಾ, ಮುಂದ ಕುಂದ್ರ ಬಾ” ಎಂದು ಸಿದ್ದಲಿಂಗವ್ವಕ್ಕನ ಕೈ ಹಿಡಿದು ಹತ್ತಿಸಿದ. ವಿಡಿಯೋ ಅಂದೇ ತೆಗೆದಿದ್ದನಂತೆ. ಹೇಳಲು ಮನಸ್ಸಾಗಿರಲಿಲ್ಲ, ಅಷ್ಟೇ. ನನ್ನ ಅಕ್ಕನ ಮಗನೇ ಸರಿ.

ಸಿದ್ದಲಿಂಗವ್ವಕ್ಕ ಒಳಗೆ ಹೋಗಿ ಬಹಳ ಹೊತ್ತಾಯಿತು. ಬೆಂಚಿನ ಮೇಲೆ ಅರ್ಷದ ಉಗುರು ಕಚ್ಚುತ್ತಿದ್ದಾನೆ. ನಾನು ಬರೆಯುತ್ತಿದ್ದೇನೆ. ಏನಾದರೊಂದು ಮಾಡಬೇಕಲ್ಲ.

—ಮೇಡಂ ಬಂದರು. ಹುಣ್ಣು! ಹುಣ್ಣಷ್ಟೇ. ನೋಡಲು ಕೆಟ್ಟದ್ದೇನೂ ಕಾಣಲಿಲ್ಲ, ಆದರೂ ಚೂರು ತೆಗೆದು ಟೆಸ್ಟಿಗೆ ಕಳಿಸಿದ್ದಾರೆ. ಗುಳಿಗೆಯಿಂದ ಮಾಯುತ್ತದೆ. ಇನ್ನೂ ತಡ ಮಾಡಿದ್ದರೆ ರಕ್ತ ಹೋಗುತ್ತಿತ್ತಂತೆ. ಅಲ್ಹಮ್ದುಲಿಲ್ಲಾಹ್. ಅರ್ಷದ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಆಮೇಲೆ ಮೆಲ್ಲಗೆ, “ಖಾಲಾ, ಇನ್ನೊಂದ ವಿಡಿಯೋ ಮಾಡೂಣೇನ? ಖರೆ ಏನಾತೋ ಅದನ್ನ ಹೇಳಿ” ಎಂದ. ನಾನು ದುಪ್ಪಟ್ಟಾ ಸರಿಮಾಡಿಕೊಳ್ಳುವುದರೊಳಗೆ ಸಿದ್ದಲಿಂಗವ್ವಕ್ಕ ಹೊರಗೆ ಬಂದು ಫೋನಿನ ಎದುರು ತಾನೇ ನಿಂತುಬಿಟ್ಟಿದ್ದಾಳೆ. ಗಂಟಲಿಗೆ ಮದ್ದು ಹೊಡೆದಿದ್ದಾರೆ, ಮಾತು ತೊದಲುತ್ತಿದೆ. ಸುಮ್ಮನಿರು ಎಂದು ನರ್ಸು ಹೇಳುತ್ತಿದ್ದಾಳೆ. ಕೇಳುವವರು ಯಾರು?

“ಇಳಕಲ್ಲ ಮಂದೀ, ಕೇಳ್ರಿಲ್ಲೆ. ನಾ ಪೈಪ ನುಂಗಿ ಬಂದೇನಿ. ಏನೂ ಆಗಿಲ್ಲ. ಹೊಟ್ಟಿ ನೋವಾದ್ರ ದವಾಖಾನಿಗೆ ಬರ್ರಿ. ಈ ಸುಲ್ತಾನಾನ ಮಾತ… ಏ ಸುಲ್ತಾನಾ, ಅದೇನ ಬರ್ಯಾಕತ್ತೀದಿ? ಇಡ ಆ ಪೆನ್ನ. ಬಾ ಇಲ್ಲೆ, ನನ್ನ ಮಗ್ಗಲಕ ನಿಂತ ಹೇಳ—”

ಬಂದೆ ಅಕ್ಕಾ, ಬಂ