ಹದಿನೇಳನೆಯ ಕೋಶ

ಮಾರ್ಚ್ ೧೬, ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟಿ,

ಹೇಗಿದ್ದೀಯೆ? ನಿನ್ನ ಪತ್ರ ಬಂದು ಮೂರು ವಾರವಾಯಿತು. ಚಿಕ್ಕಿ ನನ್ನನ್ನು ಮರೆತೇಬಿಟ್ಟಳು ಎಂದು ಮುಖ ಊದಿಸಿಕೊಂಡಿರುತ್ತೀಯೆ, ಗೊತ್ತು. ಮರೆತಿಲ್ಲ ಕಣೇ. ಪತ್ರ ನನ್ನ ಬಿಳಿ ಕೋಟಿನ ಜೇಬಿನಲ್ಲೇ ಇತ್ತು. ಒಂದು ಸಲ ಕೋಟಿನ ಜೊತೆ ಒಗೆತಕ್ಕೂ ಹೋಗಿಬಂತು. ಆದರೂ ನೀನು ಕೇಳಿದ್ದು ಅಳಿಸಿಲ್ಲ: "ಅಮ್ಮನದು ಅಂತ ನಿನ್ನ ಹತ್ರ ಏನಾದ್ರೂ ಉಳಿದಿದೆಯಾ ಚಿಕ್ಕಿ?" ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಸುದ್ದಿ ಕೇಳು: ಗೆದ್ದೆ ಕಣೇ, ಗೆದ್ದೇಬಿಟ್ಟೆ!

ನನ್ನ ಗೀಳು ನಿನಗೆ ಗೊತ್ತಲ್ಲ. ತುಟಿಯ ಮೇಲೆ ಗುಳ್ಳೆ ಏಳಿಸುವ ಹರ್ಪಿಸ್ ವೈರಸ್ಸಿನ ದಾಯಾದಿಯೊಂದು ಹೆಚ್ಚುಕಡಿಮೆ ಎಲ್ಲರ ಮೈಯಲ್ಲೂ ಜೀವಮಾನವಿಡೀ ತೆಪ್ಪಗೆ ಮಲಗಿರುತ್ತದೆ. ಎಲ್ಲೋ ಕೆಲವರಲ್ಲಿ ಮಾತ್ರ ಮೂಗಿನ ಹಿಂದೆ ಕ್ಯಾನ್ಸರ್ ಗೆಡ್ಡೆ ಬೆಳೆಯಲು ಕೈಜೋಡಿಸುತ್ತದೆ. ಗೆಡ್ಡೆಯೊಳಗೆ ಮಲಗಿದ ವೈರಸ್ಸನ್ನು ಒಂದು ಮದ್ದಿನಿಂದ ಎಬ್ಬಿಸೋಣ, ಎದ್ದ ಮೇಲೆ ಇನ್ನೊಂದು ಮದ್ದಿನಿಂದ ಹೊಡೆಯೋಣ, ಕ್ಯಾನ್ಸರ್ ಕೋಶವೂ ಜೊತೆಗೇ ಸಾಯುತ್ತದೆ ಎಂದು ನಾನು ಮೊದಲ ಸಲ ಹೇಳಿದಾಗ ಸಭೆಯೇ ನಕ್ಕಿತು. "ಮಲಗಿರೋ ಕಳ್ಳನನ್ನ ಯಾಕಮ್ಮಾ ಎಬ್ಬಿಸ್ತೀಯಾ?" ಎಂದರು ಒಬ್ಬ ಹಿರಿಯರು. "ಮಲಗಿದ್ರೆ ಕೈಗೆ ಸಿಗಲ್ವಲ್ಲ ಸಾರ್, ಎದ್ದು ಓಡಾಡಿದ್ರೇ ಸಿಗೋದು" ಎಂದೆ. ನನ್ನ ಮೇಷ್ಟ್ರೊಬ್ಬರೇ ಮೇಜು ಕುಟ್ಟಿ, "ಸರಿಯಾಗಿ ಹೇಳ್ದೆ!" ಎಂದದ್ದು. ಅವತ್ತಿನಿಂದ ಇವತ್ತಿನವರೆಗೂ ನಾನು ಬೇರೆ ಕೆಲಸ ಮಾಡಿಲ್ಲ.

ಕಳೆದ ವರ್ಷ ಜೋಡಿ ಮದ್ದು ಫಲ ಕೊಟ್ಟಿತು. ಆದರೆ ನಮ್ಮ ಪ್ರಬಂಧ ಪರಿಶೀಲಿಸಿದವರು ತಕರಾರು ತೆಗೆದರು. ನೀವೇ ವೈರಸ್ ಸೇರಿಸಿದ ಕೋಶಗಳಲ್ಲಿ ಆಯಿತು, ಸರಿ. ರೋಗಿಯ ಗೆಡ್ಡೆಯಲ್ಲಿ ತಾನಾಗಿಯೇ ಇದ್ದ ವೈರಸ್ಸಿನ ಮೇಲೆ ತೋರಿಸಿ, ಆಮೇಲೆ ಆಸ್ಪತ್ರೆಯ ಮಾತು ಎಂದರು. ನ್ಯಾಯವೇ. ಅಂಥ ಕೋಶ ನಮ್ಮಲ್ಲಿ ಒಂದೇ ಬಗೆಯದಿತ್ತು. ಅದಕ್ಕೆ ಹೆಸರಿಲ್ಲ, ಹದಿನೇಳು ಎನ್ನುತ್ತೇವೆ. ಬೆರಳುದ್ದದ ಎರಡೇ ಸೀಸೆ, ದ್ರವ ಸಾರಜನಕದ ಚಳಿಯಲ್ಲಿ ವರ್ಷಗಟ್ಟಲೆಯಿಂದ ಜೀವ ಹಿಡಿದುಕೊಂಡಿದ್ದವು.

ಮೊದಲನೆಯದನ್ನು ನನ್ನ ವಿದ್ಯಾರ್ಥಿನಿಗೆ ಕೊಟ್ಟೆ. ನಾವು ಅವಳನ್ನು ಕರೆಯುವುದೇ ಅವಸರದಮ್ಮ ಎಂದು. ಕೋಶಗಳು ಹುಲುಸಾಗಿ ಬೆಳೆದವೆಂದು ಅವಳಿಗೆ ಎಲ್ಲಿಲ್ಲದ ಖುಷಿ. ಬೆಳೆಸಿದಳು, ಬೇರೆ ಪಾತ್ರೆಗಳಿಗೆ ಹಂಚಿದಳು, ಮತ್ತೆ ಬೆಳೆಸಿದಳು. ಮದ್ದು ಹಾಕಿದರೆ ಊಹೂಂ, ಜಪ್ಪಯ್ಯ ಅನ್ನಲಿಲ್ಲ. ಏಕೆ ಗೊತ್ತೇ? ಮೈಯಿಂದ ಹೊರಗೆ ಬಂದ ಈ ಕೋಶಗಳು ಬಹಳ ಸಲ ಒಡೆದು ಎರಡಾದರೆ, ವೈರಸ್ಸನ್ನು ದಾರಿಯಲ್ಲೇ ಕಳೆದುಕೊಳ್ಳುತ್ತವೆ. ತಿಂಗಳುಗಟ್ಟಲೆ ನಾವು ಖಾಲಿ ಮನೆಯ ಬಾಗಿಲು ಬಡಿದಿದ್ದೆವು. "ಮೇಡಂ, ನನ್ನನ್ನ ಕಳಿಸಿಬಿಡಿ" ಎಂದು ಅತ್ತಳು. "ಇಷ್ಟು ದುಬಾರಿ ಪಾಠ ಕಲಿತವಳನ್ನ ಬೇರೆಯವರಿಗೆ ಬಿಟ್ಟುಕೊಡೋಕೆ ನನಗೇನು ಹುಚ್ಚಾ?" ಎಂದೆ. ಆ ಕೋಶಗಳನ್ನೆಲ್ಲ ಬಿಸಾಡಿದೆವು.

ಉಳಿದದ್ದು ಒಂದೇ ಸೀಸೆ. ಈಗ ನಿವೃತ್ತರಾಗಿರುವ ಮೇಷ್ಟ್ರಿಗೆ ಫೋನ್ ಮಾಡಿದೆ. ಅದನ್ನೂ ತೆಗೆಯಲೇ ಎಂದು ಕೇಳಿದೆ.

"ತೆಗೆದ್ರೆ ಮತ್ತೆ ಇಡೋಕಾಗಲ್ಲ. ಗೊತ್ತಲ್ವಾ ನಿನಗೆ?"

"ಗೊತ್ತು ಸಾರ್."

"ಹಾಗಾದ್ರೆ ನೀನೇ ತೆಗಿ. ಬೇರೆ ಯಾರ ಕೈಗೂ ಕೊಡಬೇಡ."

ತೆಗೆದೆ. ಬೆಚ್ಚಗಿನ ನೀರಿನಲ್ಲಿ ಹಿಡಿದು ಕರಗಿಸಿದೆ. ಬದುಕಿ ಎದ್ದವು ಸ್ವಲ್ಪವೇ. ಹೆಚ್ಚಿಸುತ್ತ ಕೂತರೆ ವೈರಸ್ ಕೈಬಿಡುತ್ತದೆ. ಹಾಗಾಗಿ ಇದ್ದಷ್ಟನ್ನೂ ಪರೀಕ್ಷೆಗೇ ಹಾಕಿದೆ. ಗುರುವಾರ ಬೆಳಗ್ಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ, ಮದ್ದು ಹಾಕಿದ ಕಡೆ ಕೋಶಗಳು ಗುಂಡಗೆ ಊದಿ, ತಳ ಬಿಟ್ಟು ಸತ್ತು ತೇಲುತ್ತಿವೆ! ಹಾಕದ ಕಡೆ ಗಟ್ಟಿಯಾಗಿ ಅಂಟಿಕೊಂಡು ಕೂತಿವೆ. ಅವಸರದಮ್ಮ ಕಿರುಚಿದ ಕಿರುಚಾಟಕ್ಕೆ ಪಕ್ಕದ ಕೋಣೆಯವರು ಬೆಂಕಿಯೇ ಬಿತ್ತೆಂದು ಓಡಿಬಂದರು. ಇನ್ನು ಯಾರು ತಕರಾರು ತೆಗೆಯುತ್ತಾರೋ ತೆಗೆಯಲಿ, ನೋಡೇಬಿಡುತ್ತೇನೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೇನೆ. ನೀನೂ ಅಲ್ಲಿಂದಲೇ ಒಂದು ತಟ್ಟು.

ಹೊತ್ತುಹೊತ್ತಿಗೆ ಊಟ ಮಾಡು. ಹೊಸ ಕೆಲಸದಲ್ಲಿ ಯಾರು ಗದರಿದರೂ ಸೊಪ್ಪು ಹಾಕಬೇಡ. ನೂರು ಕಾಲ ನಗುನಗುತ್ತಾ ಬಾಳು, ನನ್ನ ಕಂದ.

ನಿನ್ನ
ಚಿಕ್ಕಿ

ತಾ.ಕ.: ನಿನ್ನ ಪ್ರಶ್ನೆಗೆ ಬಂದೆ. ಉಳಿದಿತ್ತು ಪುಟ್ಟಿ, ಗುರುವಾರದ ತನಕ. ಹದಿನೇಳು ನಿನ್ನ ಅಮ್ಮನದು. ಗೆಡ್ಡೆಯ ಚೂರು ತೆಗೆದ ದಿನ ಅಕ್ಕ ತಾನಾಗಿಯೇ ಒಪ್ಪಿಗೆ ಕೊಟ್ಟು, "ಇದು ನನ್ನನ್ನಂತೂ ಬಿಡಲ್ಲ. ನೀನು ಇದನ್ನ ಬಿಡಬೇಡ ಕಣೇ" ಎಂದಿದ್ದಳು. ಬಿಡಲಿಲ್ಲ. ಅವಳನ್ನು ತಿಂದದ್ದು ಅದೇ. ಆದರೂ ಅವಳ ಮೈಯದು ಅಂತ ಜೀವ ಇದ್ದದ್ದು ಅದೊಂದರಲ್ಲೇ. ಎರಡೂ ಕಡೆಯವನ್ನು ಎಣಿಸಿ ಹೋಲಿಸಬೇಕಾದರೆ ಮದ್ದು ಹಾಕದೆ ಬಿಟ್ಟವನ್ನೂ ಕೊಲ್ಲಲೇಬೇಕು. ಕೊನೆಗೆ ಮಿಕ್ಕದ್ದರ ಮೇಲೆ ಬ್ಲೀಚ್ ಸುರಿಯುವುದು ಅವಸರದಮ್ಮನ ಕೆಲಸ, ಅವತ್ತು ನಾನೇ ಸುರಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನಿನ್ನ ಪತ್ರ ಬಂದಾಗ ಸೀಸೆ ಇನ್ನೂ ಚಳಿಯಲ್ಲೇ ಇತ್ತು. ನಿನ್ನನ್ನು ಕರೆಸಿ ಒಂದು ಸಲ ತೋರಿಸಬಹುದಿತ್ತು. ನೀನು ನೋಡಿಬಿಟ್ಟರೆ ನನ್ನಿಂದ ಮದ್ದು ಹಾಕಲಾಗುವುದಿಲ್ಲ ಎಂದು ಕರೆಯಲಿಲ್ಲ.