ನಕ್ಷೆ ಅಳಿಸಿದ ಗಣಕ ವಿಭಾಗದ ಮುಖ್ಯಸ್ಥರಿಗೆ

ಮಾನ್ಯ ಮುಖ್ಯಸ್ಥರೇ,

ನಾನು ತುರ್ತು ಕರೆಗಳನ್ನು ಸ್ವೀಕರಿಸುವ ಆಂಬುಲೆನ್ಸ್ ನಿಯಂತ್ರಣ ಕೊಠಡಿಯ ಕಂಪ್ಯೂಟರಿನಿಂದ ನನ್ನ ನಕ್ಷೆಯನ್ನು ತಾವು ಅಳಿಸಿಹಾಕಿದ್ದೀರಿ. ‘ಅನಧಿಕೃತ ಆವೃತ್ತಿ’ ಎಂದು ಕಾರಣವನ್ನೂ ದಯಪಾಲಿಸಿದ್ದೀರಿ. ಇಷ್ಟು ಚುಟುಕಾಗಿ ಬರೆಯುವ ವಿದ್ಯೆ ನನಗೆ ಒಲಿದಿಲ್ಲ; ಸಹಿಸಿಕೊಳ್ಳಿ.

ನಾನದನ್ನು ಗೋಡೆಯ ಅಲಂಕಾರಕ್ಕೆಂದು ಬಿಡಿಸಿರಲಿಲ್ಲ. ನಮ್ಮ ಚಾಲಕರಲ್ಲಿ ಹಿರಿಯರೊಬ್ಬರನ್ನು ನಾವೆಲ್ಲ ದೊಡ್ಡಪ್ಪ ಎನ್ನುತ್ತೇವೆ. ಒಂದು ಸಂಜೆ ಅವರು ಬಂದು ಕುರ್ಚಿಯಲ್ಲಿ ಕುಸಿದು, “ರೈಲ್ವೆ ಗೇಟ್ ಮತ್ತೆ ಹಾಕಿತ್ತಮ್ಮ. ನಿಂತಲ್ಲೇ ಸೈರನ್ ಹೊಡೀತಾ ಇದ್ದೆ. ಗೇಟಿನಾಚೆ ಎದೆನೋವು ಅಂತ ಕರೆ ಬಂದಿತ್ತಲ್ಲ, ನಾವು ಹೋಗೋಷ್ಟರಲ್ಲಿ ಆ ಅಜ್ಜ ಹೋಗ್ಬಿಟ್ಟಿದ್ರು” ಎಂದರು. ತಡವಾದ ಕರೆಗಳನ್ನೆಲ್ಲ ನಕ್ಷೆಯ ಮೇಲೆ ಗುರುತಿಸಿದರೆ ವಾಹನವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿದೀತು ಎಂದು ನನಗೆ ಹೊಳೆದದ್ದು ಆಗ.

ನಕ್ಷೆ ಬಿಡಿಸಲೆಂದೇ ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಲೈಬ್ರರಿಯೊಂದಿದೆ, ಯಾರೋ ಮೊದಲೇ ಬರೆದಿಟ್ಟ ಸಿದ್ಧ ಕೋಡಿನ ಕಟ್ಟು. ಅದು ಓಡಲು ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿಯೇ ಆಗಬೇಕು. ತಮ್ಮ ವಿಭಾಗ ಹೆಮ್ಮೆಯಿಂದ ಬರೆದುಕೊಟ್ಟ, ನಮ್ಮ ಪಾಳಿ ಹಂಚುವ ಪ್ರೋಗ್ರಾಮಿಗೋ ಹಳೆಯದೇ ಗತಿ. ಹೊಸದನ್ನು ಕಂಡರೆ ಮುಖ ತಿರುಗಿಸಿ ಕೂರುತ್ತದೆ. ತಮ್ಮನ್ನು ಕೇಳಿದೆ. “ಎರಡನ್ನೂ ಒಂದೇ ಮಷಿನ್‌ನಲ್ಲಿ ಇಡೋಕಾಗಲ್ಲಮ್ಮ. ನಕ್ಷೆ ಬೇಕಿದ್ರೆ ಅಂಗಡೀಲಿ ಸಿಗುತ್ತೆ” ಎಂದಿರಿ. ಯಾವ ಅಂಗಡಿ ಸ್ವಾಮಿ? ಅಜ್ಜ ತೀರಿಕೊಂಡ ಬೀದಿಗೆ ಚುಕ್ಕಿಯಿಟ್ಟು ಮಾರುವ ಪುಣ್ಯಾತ್ಮ ಯಾರು?

ನಮ್ಮ ಮೇಲ್ವಿಚಾರಕಿಗೆ ತಮ್ಮಷ್ಟು ಜ್ಞಾನವಿಲ್ಲ. “ಪಾಳಿ ಕೆಡದ ಹಾಗೆ ಏನಾದ್ರೂ ಮಾಡ್ಕೋ” ಎಂದುಬಿಟ್ಟರು. ಹಳೆಯದನ್ನೂ ಹೊಸದನ್ನೂ ಹೊಂದಿಸಹೋದೆ. ಒಂದು ದೋಷ ತಿದ್ದಿದರೆ ಪರದೆಯ ತುಂಬ ಕೆಂಪಕ್ಷರದ ಸಂತೆ. ಕಂಪ್ಯೂಟರ್ ಪಾಠ ಹೇಳುವ ನನ್ನ ನಾದಿನಿಗೆ ಫೋನು ಮಾಡಿ ಅಲವತ್ತುಕೊಂಡೆ.

“ಅತ್ತಿಗೆ, ಅವೆರಡರ ಜಗಳ ಬಿಡಿಸೋಕೆ ನೀವ್ಯಾಕೆ ಹೋಗ್ತೀರಿ? ಬೇರೆ ಒಲೆ ಹೂಡಿಬಿಡಿ” ಎಂದು ನಕ್ಕಳು.

ಅಂದರೆ ಅದೇ ಕಂಪ್ಯೂಟರಿನಲ್ಲಿ ಹೊಸ ಆವೃತ್ತಿಗೆ ಪ್ರತ್ಯೇಕ ಜಾಗ ಮಾಡಿ, ಲೈಬ್ರರಿಯನ್ನು ಅದರೊಳಗೇ ಹಾಕುವುದು. ಅವಳು ಹೇಳಿದಂತೆ ಮಾಡಿದೆ. ಹಳೆಯದಕ್ಕೆ ಸುದ್ದಿಯೇ ಗೊತ್ತಾಗಲಿಲ್ಲ. ಪಾಳಿ ಪಟ್ಟಿ ಎಂದಿನಂತೆ ಬಂತು, ಎಂದಿನಂತೆ ತಪ್ಪಾಗಿಯೇ ಬಂತು.

ನಕ್ಷೆಯೂ ಬಂತು. ಚುಕ್ಕಿಗಳು ಗೇಟಿನಾಚೆ ಬೆಲ್ಲಕ್ಕೆ ಇರುವೆಯಂತೆ ಮುತ್ತಿದ್ದವು. ಮೇಲ್ವಿಚಾರಕಿ ಒಂದು ವಾಹನವನ್ನು ಆಚೆಯೇ ನಿಲ್ಲಿಸಿದರು. ಅದೇ ವಾರ ದೊಡ್ಡಪ್ಪನ ಫೋನು: “ಉಸಿರು ಕಟ್ಟಿದ್ದ ಹೆಂಗಸಮ್ಮ. ಆಕ್ಸಿಜನ್ ಹಾಕಿದ್ವಿ, ಈಗ ಮಾತಾಡ್ತಿದಾಳೆ. ಗೇಟ್ ಹಾಕಿದೆ, ಹಾಕ್ಕೊಂಡಿರ್ಲಿ ಬಿಡು!” ನಾನು ಫೋನಿಟ್ಟು ಅತ್ತುಬಿಟ್ಟೆ.

ಆಮೇಲೆ ತಮ್ಮ ತಪಾಸಣೆ. ಆ ಹೊಸ ಆವೃತ್ತಿಯೊಂದಿಗೆ ನಕ್ಷೆಯೂ ಹೋಯಿತು. ನಕ್ಷೆಯಿಲ್ಲದೆ ಆಧಾರವಿಲ್ಲವೆಂದು ಮೇಲಿನವರು ವಾಹನವನ್ನೂ ಈಚೆಗೆ ಕರೆಸಿಕೊಂಡರು. ಕಂಪ್ಯೂಟರ್ ಈಗ ಪರಮ ಸುರಕ್ಷಿತವಾಗಿದೆ, ಅಭಿನಂದನೆಗಳು. ಗೇಟಿನಾಚೆಯ ಜನರ ಸುರಕ್ಷತೆ ಯಾವ ವಿಭಾಗಕ್ಕೆ ಬರುತ್ತದೆ?

ನನ್ನ ಮೇಲೆ ಯಾವ ಕ್ರಮವನ್ನಾದರೂ ಕೈಗೊಳ್ಳಿ. ಅಳಿಸಿದ್ದನ್ನು ಮಾತ್ರ ಈ ವಾರವೇ ಮರಳಿ ಹಾಕಿಸಿ. ಅಲ್ಲಿಯವರೆಗೆ ಆ ಕಡೆಯ ಕರೆಗಳನ್ನು ತಮ್ಮ ಕೊಠಡಿಗೇ ವರ್ಗಾಯಿಸಲು ಅಪ್ಪಣೆಯಾಗಲಿ. “ಎಲ್ಲಿದೀರಾ, ಇನ್ನೆಷ್ಟೊತ್ತು?” ಎಂದು ಕೂಗುವವರಿಗೆ ಏನು ಹೇಳಬೇಕೋ ನನಗಂತೂ ತಿಳಿಯುತ್ತಿಲ್ಲ.

ಇಂತಿ,
ಫೋನೆತ್ತಲು ಹೆದರುತ್ತಲೇ ಫೋನೆತ್ತುವವಳು